ಕಾರಾಲಂಕಾರ ಶಾಸ್ತ್ರ: ಹಿಂಬದಿ ಡಿಫ್ಯೂಸರ್ ಪ್ರಕರಣ

ಕಾವ್ಯದ ಆತ್ಮ ಯಾವುದೆಂದು ಕಾಶ್ಮೀರದ ಆಲಂಕಾರಿಕರು ಶತಮಾನಗಟ್ಟಲೆ ಜಗಳವಾಡಿದರು. ಕಾರಿನ ಆತ್ಮ ಯಾವುದೆಂಬ ಜಗಳ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳ ಮುಂದೆ ಇಂದಿಗೂ ನಡೆದಿದೆ. ಇಂಜಿನ್ನೇ ಆತ್ಮ ಎನ್ನುವವರು ಪ್ರಾಚೀನರು. ಅವರ ಮತವನ್ನು ಈಗ ಯಾರೂ ಖಂಡಿಸುವ ಗೋಜಿಗೂ ಹೋಗುವುದಿಲ್ಲ. ಸೈಲೆನ್ಸರ್ ಬದಲಿಸಿ ನಡುರಾತ್ರಿ ಬೀದಿಯನ್ನೆಬ್ಬಿಸುವವರು ಧ್ವನಿವಾದಿಗಳು. ಧ್ವನಿ ಸಿದ್ಧಾಂತದ ಆನಂದವರ್ಧನ ಹೇಳದೆ ಬಿಟ್ಟದ್ದರಲ್ಲಿ ಸೊಗಸು ಕಂಡವನು. ಇವರು ಏನನ್ನೂ ಹೇಳದೆ ಬಿಡುವವರಲ್ಲ. ಸ್ಟಿಕ್ಕರಿನವರು ಅಲಂಕಾರವಾದಿಗಳು, ಒಂದೇ ಅಂಗೈಯಲ್ಲಿ ಸ್ಟಿಯರಿಂಗ್ ತಿರುವುವವರು ರೀತಿವಾದಿಗಳು. ಇವರೆಲ್ಲರನ್ನೂ ಸವಿನಯವಾಗಿ ಪಕ್ಕಕ್ಕೆ ಸರಿಸಿ, ಆತ್ಮವಿರುವುದು ಹಿಂಬದಿ ಬಂಪರಿನ ಕೆಳಗೆ ಎಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪರಂಪರೆ. ಕಾಲಿನ್ ಚಾಪ್‌ಮನ್‌ರ ಲೋಟಸ್ ತಂಡ 1977ರಲ್ಲಿ ತನ್ನ 78ನೆಯ ಮಾದರಿಯ ರೇಸ್ ಕಾರನ್ನು ಇಳಿಸಿ, ರೆಕ್ಕೆಗಿಂತ ಹೊಟ್ಟೆ ದೊಡ್ಡದು ಎಂದು ತೋರಿಸಿಕೊಟ್ಟಿತು. ನೆಲಕ್ಕೂ ಕಾರಿಗೂ ನಡುವಿನ ಇಕ್ಕಟ್ಟಿನಲ್ಲಿ ಗಾಳಿ ವೇಗ ಪಡೆಯುತ್ತದೆ. ವೇಗ ಏರಿದಂತೆ ಒತ್ತಡ ಇಳಿಯುತ್ತದೆ. ಮೇಲಿನ ಗಾಳಿ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಮರುವರ್ಷವೇ ಲೋಟಸ್ ಚಾಲಕ ಮಾರಿಯೊ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದರು. ಗಾಬರಿಗೊಂಡ ನಿಯಮಕರ್ತರು 1983ರಿಂದ ಹೊಟ್ಟೆ ಚಪ್ಪಟೆಯಾಗಿರತಕ್ಕದ್ದು ಎಂದು ವಿಧಿಸಿದರು. ಹೊಟ್ಟೆಗೆ ನಿಷೇಧ ಬಿದ್ದಾಗ ಶಾಸ್ತ್ರ ಬಾಲಕ್ಕೆ, ಅಂದರೆ ತಳದ ಹಿಂತುದಿಯಲ್ಲಿ ಮೇಲಕ್ಕೇರುತ್ತ ಗಾಳಿಯನ್ನು ಹರಡಿ ಬಿಡುವ ಡಿಫ್ಯೂಸರಿಗೆ, ಸರಿಯಿತು. 2009ರಲ್ಲಿ ಬ್ರಾನ್ ತಂಡ ಎರಡು ಅಂತಸ್ತಿನ ಡಿಫ್ಯೂಸರ್ ಕಟ್ಟಿತು. ಅದರ ಚಾಲಕ ಜೆನ್ಸನ್ ಬಟನ್ ಮೊದಲ ಏಳು ರೇಸುಗಳಲ್ಲಿ ಆರನ್ನು ಗೆದ್ದು, ವರ್ಷಾಂತ್ಯಕ್ಕೆ ಕಿರೀಟವನ್ನೂ ತೊಟ್ಟರು. ಈ ದ್ವೈತವನ್ನು 2011ರಿಂದ ನಿಷೇಧಿಸಲಾಯಿತು. ಉಡುಪಿಯಲ್ಲಾಗಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ.

ಇನ್ನು ನಿರ್ಮಾಣವಿಧಿ. ಅಧಿಕಾರಿ: ರಜೆಯ ದಿನ ಮನೆಯಲ್ಲಿ ಬೇರೆ ಕೆಲಸ ಹೇಳಿಸಿಕೊಳ್ಳಲು ಒಲ್ಲದವನು. ವಾಹನ: ಹಳೆಯ ಮಾರುತಿ 800. ವಾಯುಪುತ್ರನಿಗೆ ವಾಯುಶಾಸ್ತ್ರ ಹೇಳಿಕೊಡುವುದು ಉದ್ಧಟತನವೆಂದು ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ಇಲ್ಲಿ ಕೇಳಿಸಿಕೊಂಡಿಲ್ಲ. ಸಾಮಗ್ರಿ: ಮುಚ್ಚಿದ ಬೇಕರಿಯ ಬೋರ್ಡಿನಿಂದ ಇಳಿಸಿದ ಎಸಿಪಿ ಶೀಟು, ಅಲ್ಯೂಮಿನಿಯಂ ಎಲ್ ಆ್ಯಂಗಲ್, ಪಾಪ್ ರಿವೆಟ್, ಎಂ-ಸೀಲ್, ಕೇಬಲ್ ಟೈ, ಮ್ಯಾಟ್ ಕಪ್ಪು ಸ್ಪ್ರೇ. ಚುನಾವಣೆ ಮುಗಿದ ಮೇಲೆ ಪುಕ್ಕಟೆ ಸಿಗುವ ಪ್ಲಾಸ್ಟಿಕ್ ಶೀಟನ್ನು ಕೆಲವರು ಸೂಚಿಸುತ್ತಾರೆ. ಅದು ಸೈಲೆನ್ಸರಿನ ಬಿಸಿಗೆ ಕರಗಿ, ಅಭ್ಯರ್ಥಿಯ ಮುಖ ವಿಕಾರವಾಗಿ, ಅನಗತ್ಯ ರಾಜಕೀಯ ವ್ಯಾಖ್ಯಾನಕ್ಕೆ ಎಡೆಗೊಡುವುದರಿಂದ ತ್ಯಾಜ್ಯ.

ಕೋನವೇ ಇಲ್ಲಿ ಪ್ರಾಣ. ಏಳರಿಂದ ಹತ್ತು ಡಿಗ್ರಿಯ ಏರಿದ್ದರೆ ಗಾಳಿ ತಗಡನ್ನು ಬಿಡದೆ ನಿಧಾನವಾಗಿ ಹರಡಿಕೊಳ್ಳುತ್ತದೆ. ಎಂಟು ಡಿಗ್ರಿ ಎಂದರೆ ಐವತ್ತು ಸೆಂಟಿಮೀಟರ್ ಉದ್ದಕ್ಕೆ ಏಳು ಸೆಂಟಿಮೀಟರ್ ಏರು. ಇದನ್ನು ಮಗಳ ಜಾಮೆಟ್ರಿ ಬಾಕ್ಸಿನ ಕೋನಮಾಪಕದಿಂದ ಅಳೆದು, ಅವಳ ಪರೀಕ್ಷೆಯೊಳಗೆ ಹಿಂದಿರುಗಿಸತಕ್ಕದ್ದು. ನೋಟಕ್ಕೆ ಚೆಂದವೆಂದು ಮೂವತ್ತು ಡಿಗ್ರಿ ಎತ್ತಿದರೆ ಗಾಳಿ ತಗಡಿನಿಂದ ಕಿತ್ತುಕೊಂಡು ಸುಳಿಯಾಗುತ್ತದೆ. ಆಗ ಅದು ಡಿಫ್ಯೂಸರ್ ಅಲ್ಲ, ಮೊರ. ಗಾಳಿ ಅಂಟಿದೆಯೋ ಬಿಟ್ಟಿದೆಯೋ ತಿಳಿಯಲು ಉಲ್ಲನ್ನಿನ ತುಂಡುಗಳನ್ನು ಟೇಪಿನಿಂದ ಅಂಟಿಸಿ, ಪಕ್ಕದ ಗಾಡಿಯಿಂದ ನೋಡಬೇಕು. ನೂಲು ನೆಟ್ಟಗೆ ಹಿಂದಕ್ಕೆ ಚಾಚಿದ್ದರೆ ಸಿದ್ಧಿ, ಹುಚ್ಚುಹುಚ್ಚಾಗಿ ಕುಣಿದರೆ ಪುನಃ ರಿವೆಟ್.

ಇಲ್ಲಿ ಪೂರ್ವಪಕ್ಷಿ ಎದ್ದುನಿಲ್ಲುತ್ತಾನೆ: ‘ರೇಸ್ ಕಾರಿನ ತಳ ಗಾಜಿನಂತೆ ನುಣುಪು. ನಿನ್ನ ಕಾರಿನ ತಳದಲ್ಲಿ ಸೈಲೆನ್ಸರ್, ಆ್ಯಕ್ಸಲ್, ಕಳೆದ ಮಳೆಗಾಲದ ಕೆಸರು ಎಲ್ಲವೂ ಇವೆ. ಇವಕ್ಕೆಲ್ಲ ಡಿಕ್ಕಿ ಹೊಡೆದು ಬಂದ ಗಾಳಿಗೆ ಕೊನೆಯಲ್ಲಿ ದಾರಿ ತೋರಿಸಿ ಏನು ಫಲ?’ ಪ್ರಶ್ನೆ ಸಮಂಜಸವಾಗಿರುವುದರಿಂದ ಉತ್ತರಿಸದೆ ಮುಂದುವರಿಯುತ್ತೇವೆ.

ಅವನ ಎರಡನೆಯ ಬಾಣ ಇನ್ನೂ ಮೊನಚು. ಒತ್ತುವ ಬಲ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 200 ಕಿಲೋಮೀಟರಿನಲ್ಲಿ ಸಿಗುವ ಬಲದ ನೂರನೆಯ ಒಂದು ಪಾಲು ಮಾತ್ರ 20 ಕಿಲೋಮೀಟರಿನಲ್ಲಿ ಸಿಗುತ್ತದೆ, ಮತ್ತು ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ 20 ಎಂಬುದು ಪೂರ್ವಜನ್ಮದ ಪುಣ್ಯ. ಲೆಕ್ಕ ಹಾಕಿದೆವು. ಆ ವೇಗದ ಗಾಳಿಯ ಚಲನೆಯ ಒತ್ತಡವಷ್ಟೂ ಒಂದು ಚದರ ಮೀಟರ್ ತಗಡಿನ ಮೇಲೆ ಒಂದು ಚೂರೂ ಪೋಲಾಗದೆ ಕೆಲಸ ಮಾಡಿದರೂ ಕಾರಿನ ಮೇಲೆ ಬೀಳುವ ಭಾರ ಎರಡು ಕೇಜಿಗೂ ಕಡಿಮೆ. ಡಿಕ್ಕಿಯಲ್ಲಿ ಎರಡು ಕೇಜಿ ಟೊಮೇಟೊ ಇಟ್ಟುಕೊಂಡರೂ ಇದೇ ಪರಿಣಾಮ, ಮನೆ ತಲುಪಿದ ಮೇಲೆ ಸಾರಿಗೂ ಆಗುತ್ತದೆ. ಈ ಟೊಮೇಟೊ ವಾದಕ್ಕೆ ಡಿಫ್ಯೂಸರ್ ಸಂಪ್ರದಾಯದಲ್ಲಿ ಇನ್ನೂ ಪರಿಹಾರ ದೊರೆತಿಲ್ಲ.

ಆದರೆ ಪರ್ಫಾರ್ಮೆನ್ಸ್ ರಸ್ತೆಯ ಮೇಲೆ ನಡೆಯುತ್ತದೆಂದು ತಿಳಿದಿರುವುದೇ ಪೂರ್ವಪಕ್ಷಿಯ ಮೂಲ ದೋಷ. ಅದು ನಡೆಯುವುದು ಟೀ ಅಂಗಡಿಯ ಮುಂದೆ, ನಿಂತ ಗಾಡಿಯ ಸುತ್ತ. ‘ಮಗಾ, ಹೈವೇನಲ್ಲಿ ಈಗ ರೋಡಿಗೆ ಅಂಟ್ಕೊಂಡೇ ಹೋಗುತ್ತೆ ಕಣೋ’ ಎಂದು ಕರ್ತೃ ಹೇಳಬೇಕು. ಸಹೃದಯನು ಮಂಡಿಯೂರಿ ಕೆಳಗೆ ಬಗ್ಗಿ, ತಗಡನ್ನೊಮ್ಮೆ ತಟ್ಟಿ, ‘ಹೌದು ಗುರು, ಸಕತ್ ಡಿಫರೆನ್ಸ್ ಇರುತ್ತೆ’ ಎನ್ನಬೇಕು. ರಸೋತ್ಪತ್ತಿ ಅಲ್ಲಿಗೆ ಪೂರ್ಣ. ಇಗ್ನಿಷನ್ ಹಾಕುವ ಅಗತ್ಯವಿಲ್ಲ. ರಸಭಂಗವಾಗುವುದು ಆ ಹೊತ್ತಿಗೆ ಸೋದರಮಾವ ಬಂದು ‘ಮೈಲೇಜ್ ಎಷ್ಟು ಕೊಡುತ್ತಪ್ಪಾ?’ ಎಂದು ಕೇಳಿದಾಗ ಮಾತ್ರ.

ಈ ತಗಡಿಗೆ ತಗುಲುವ ಹಂಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹತ್ತು ಸೆಂಟಿಮೀಟರ್ ಎತ್ತರದ ಹಂಪು ಕಲ್ಪಿಸಿಕೊಂಡಿದೆ. ನಮ್ಮ ಬಡಾವಣೆಯದು ಸ್ವತಂತ್ರ ಕೃತಿ.

ಕೊನೆಯದು ಔಚಿತ್ಯ ವಿಚಾರ. ಕ್ಷೇಮೇಂದ್ರ ಇದನ್ನು ಕಾವ್ಯಕ್ಕೆ ಹೇಳಿದ. ಕಾರಿಗೆ ಹೇಳಿದ್ದು 1988ರ ಮೋಟಾರು ವಾಹನ ಕಾಯ್ದೆ. ತಯಾರಕರ ಮೂಲ ವಿವರಗಳನ್ನು ಮಾಲೀಕ ಬದಲಿಸಕೂಡದೆಂದು ಅದರ 52ನೆಯ ಸೆಕ್ಷನ್, ಬದಲಿಸಿದರೆ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಎಂದು ಇನ್ನೊಂದು ಸೆಕ್ಷನ್. ಇನ್‌ಸ್ಪೆಕ್ಟರ್ ಗಾಡಿ ಪಕ್ಕಕ್ಕೆ ಹಾಕಿಸಿ, ‘ಏನ್ರೀ ಇದು, ಹಿಂದ್ಗಡೆ?’ ಎಂದಾಗ ವೇಗ-ಒತ್ತಡದ ಬರ್ನೂಲಿಯನ್ನಾಗಲಿ ಲೋಟಸನ್ನಾಗಲಿ ಎಳೆದು ತರಬಾರದು. ಇಲ್ಲಿ ನೆರವಿಗೆ ಬರುವವನು ವಕ್ರೋಕ್ತಿಯ ಕುಂತಕ ಒಬ್ಬನೇ.

‘ಹಂಪಿಗೆ ತಗುಲಿ ಬಂಪರ್ ಕಿತ್ಕೊಂಡ್ಬಿಟ್ಟಿದೆ ಸಾರ್. ಸದ್ಯಕ್ಕೆ ತಗಡು ಕಟ್ಟಿದೀನಿ.’

‘ಬೇಗ ಸರಿ ಮಾಡಿಸ್ರೀ. ನೋಡಕ್ಕಾಗಲ್ಲ.’