ಲವ್ ಬರ್ಡ್ ಪಕ್ಷಿಯ ಗ್ರಂಥಸಂಪಾದನಾ ಶಾಸ್ತ್ರ

ಪೀಠಿಕೆ

ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲ ಕರ್ತೃತ್ವಗಳನ್ನು ಕುರಿತು ಪಂಡಿತರು ಬಹುಕಾಲ ಲೇಖನಿಗಳಿಂದ ಇರಿದಾಡಿದ ಕುಂಬಳೆ ಸೀಮೆಯಲ್ಲಿ, ಮಂಜೇಶ್ವರದ ಗೋವಿಂದ ಪೈಗಳು ಶಾಸನಗಳನ್ನು ಮುಂದಿಟ್ಟುಕೊಂಡು ಪ್ರಾಚೀನ ಕವಿಗಳ ಕಾಲವನ್ನು ನಿರ್ಣಯಿಸುತ್ತಿದ್ದ ಪುಣ್ಯಸ್ಥಳಕ್ಕೆ ಅನತಿದೂರದಲ್ಲಿ, ಗ್ರಂಥಸಂಪಾದನೆಯ ಒಂದು ಪ್ರತ್ಯೇಕ ಸಂಪ್ರದಾಯವು ದಿನಂಪ್ರತಿ ಸೂರ್ಯೋದಯಕ್ಕೆ ಕರ್ಕಶವಾಗಿ ಕೂಗಿಕೊಂಡು ಕಾರ್ಯಪ್ರವೃತ್ತವಾಗುತ್ತಿರುವುದನ್ನು ವಿದ್ವಲ್ಲೋಕವು ಇದುವರೆಗೆ ಗಮನಿಸದಿರುವುದು ವಿಷಾದಕರ. ಬದಿಯಡ್ಕದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ವಾಸವಾಗಿರುವ ಗುಲಾಬಿ ಮೊಗದ ಹೆಣ್ಣು ಲವ್ ಬರ್ಡ್ ಒಂದರ ಕೃತಿಶ್ರೇಣಿಯನ್ನು ಆಧರಿಸಿ ಇಲ್ಲಿ ಪ್ರತಿಪಾದಿಸಲ್ಪಡುವ ಪ್ರಮೇಯವು ಇಷ್ಟೆ: ಸದರಿ ಪಕ್ಷಿಯು ಕಾಗದವನ್ನು ಹರಿಯುವುದಿಲ್ಲ, ಪರಿಷ್ಕರಿಸುತ್ತದೆ.

ಪ್ರಥಮ ಪ್ರಕರಣ: ಪರಂಪರೆ

ನಮ್ಮ ಪೂರ್ವಿಕರ ಶುಕಪಕ್ಷಿಗಳು ಮೌಖಿಕ ಪರಂಪರೆಗೆ ಸೇರಿದವು. ಗಿಳಿ ಮೈನಾಗಳಿಗೆ ಮಾತು ಕಲಿಸುವುದನ್ನು ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳಲ್ಲಿ ಒಂದಾಗಿ ಎಣಿಸಿದನು. ಬಾಣನ ‘ಕಾದಂಬರಿ’ ಕಾವ್ಯದಲ್ಲಿಯೂ ಅದನ್ನು ಕನ್ನಡಕ್ಕೆ ತಂದ ನಾಗವರ್ಮನಲ್ಲಿಯೂ ವೈಶಂಪಾಯನನೆಂಬ ಗಿಳಿಯು ಶೂದ್ರಕ ಮಹಾರಾಜನ ಆಸ್ಥಾನದಲ್ಲಿ ಕಥೆಯ ಎಳೆಯನ್ನು ಬಿಚ್ಚಿತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಸ್ವದೇಶದ ಗಿಳಿಯನ್ನು ಪಂಜರದಲ್ಲಿಡುವುದು ಅಪರಾಧವೆನಿಸಿದ್ದರಿಂದ, ಆ ಪೀಠವು ತೆರವಾಗಿ, ಅದನ್ನು ಆಫ್ರಿಕಾದ ಈ ಪುಟ್ಟ ಗಿಳಿಯು ಆಕ್ರಮಿಸಿತು. 1836ರಲ್ಲಿ ಸೆಲ್ಬಿ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞನು ಅಗಪೋರ್ನಿಸ್ ಎಂದು ಹೆಸರಿಟ್ಟ ಈ ಕುಲದಲ್ಲಿ ಒಂಬತ್ತು ಜಾತಿಗಳುಂಟು. ಎಂಟು ಆಫ್ರಿಕಾ ಖಂಡದವು, ಒಂದು ಮಡಗಾಸ್ಕರ್ ದ್ವೀಪದ್ದು. ನಮ್ಮ ಸಂಪಾದಕಿಯ ಮೂಲಸ್ಥಾನ ನಮೀಬಿಯಾ, ಅಂಗೋಲಾಗಳ ಒಣನೆಲ. ಆಕೆಯ ತೂಕ ಸುಮಾರು ಐವತ್ತು ಗ್ರಾಂ; ಮಾತು ಕಲಿಯುವ ಆಸಕ್ತಿ ಶೂನ್ಯ. ಅಂತು ಮೌಖಿಕ ಯುಗವು ಮುಗಿದು ಲಿಖಿತ ಯುಗವು ಪ್ರಾರಂಭವಾಯಿತೆಂದು ತಿಳಿಯತಕ್ಕದ್ದು. (ಅಂಗಡಿಗಳಲ್ಲಿ ಆಸ್ಟ್ರೇಲಿಯಾದ ಬಜರಿಗರ್ ಹಕ್ಕಿಯನ್ನೂ ಲವ್ ಬರ್ಡ್ ಎಂಬ ಹೆಸರಿನಿಂದಲೇ ಮಾರುವುದುಂಟು; ಅದು ಕಾಗದವನ್ನು ಅಗಿಯಬಲ್ಲುದಲ್ಲದೆ ಸಂಪಾದಿಸಲಾರದು.)

ತನ್ನ ಮೂಲನೆಲದಲ್ಲಿ ಗುಲಾಬಿ ಮೊಗದ ಈ ಜಾತಿಯು ಬಂಡೆಯ ಬಿರುಕುಗಳಲ್ಲಿಯೂ, ನೇಕಾರ ಹಕ್ಕಿಗಳು ಒಟ್ಟುಗೂಡಿ ಕಟ್ಟಿದ ಮಹಾಗೂಡುಗಳಲ್ಲಿಯೂ ನೆಲಸುತ್ತದೆ. ಅನ್ಯರು ಕಟ್ಟಿದ ಭವನದಲ್ಲಿ ಬಾಡಿಗೆಯಿಲ್ಲದೆ ಸಂಸಾರ ಹೂಡುವ ಈ ಪದ್ಧತಿಯು ಕಾವ್ಯಗಳಿಗೆ ವ್ಯಾಖ್ಯಾನ ಬರೆಯುವವರಿಗೆ ಅಪರಿಚಿತವಲ್ಲ.

ದ್ವಿತೀಯ ಪ್ರಕರಣ: ಸಂಪಾದನಾ ಕ್ರಮ

ಆಕೆಯು ಮೊದಲು ಹಾಳೆಯ ಅಂಚನ್ನು ಹಿಡಿದು, ಅಂಚೆಚೀಟಿಯ ಸುತ್ತಲಿನಂತೆ ಒತ್ತೊತ್ತಾಗಿ ರಂಧ್ರಪಂಕ್ತಿಯೊಂದನ್ನು ಕೊಕ್ಕಿನಿಂದ ಕೊರೆದು, ಆ ಪಂಕ್ತಿಯ ಗುಂಟ ಸಮಾನವಾದ ಅಗಲವುಳ್ಳ ಉದ್ದನೆಯ ಪಟ್ಟಿಯನ್ನು ಬೇರ್ಪಡಿಸಿ, ತಲೆಯನ್ನು ಹಿಂದಕ್ಕೆ ತಿರುಗಿಸಿ, ಆ ಪಟ್ಟಿಯನ್ನು ಬೆನ್ನಿನ ಕೆಳಭಾಗದ ಗರಿಗಳ ನಡುವೆ ಸಿಕ್ಕಿಸಿಕೊಳ್ಳುತ್ತಾಳೆ. ಹೀಗೆ ಹಲವನ್ನು ಸಿಕ್ಕಿಸಿಕೊಂಡ ಬಳಿಕ ಗೂಡಿಗೆ ಹಾರುತ್ತಾಳೆ. ಆ ಪಟ್ಟಿಗಳ ಆಕಾರವನ್ನು ಪರಿಶೀಲಿಸಿದವರಿಗೆ ರಹಸ್ಯವು ತಾನಾಗಿ ಹೊಳೆಯುವುದು: ಉದ್ದ ಹೆಚ್ಚು, ಅಗಲ ಕಡಮೆ, ಅಂಚಿನಲ್ಲಿ ರಂಧ್ರ. ಇವು ಓಲೆಗರಿಗಳಲ್ಲದೆ ಮತ್ತೇನು? ನಾವು ತಾಳೆಯೋಲೆಯಿಂದ ಮುದ್ರಣಕ್ಕೆ ಇಳಿಸಿದ ವಾಙ್ಮಯವನ್ನು ಆಕೆಯು ಮುದ್ರಣದಿಂದ ಮರಳಿ ಓಲೆಗೆ ಏರಿಸುತ್ತಿರುವಳು.

ಆಕರಗಳ ಆಯ್ಕೆಯಲ್ಲಿ ಆಕೆಗೆ ಪಕ್ಷಪಾತವಿಲ್ಲ. ತೆಂಕುತಿಟ್ಟಿನ ಮೇಳದ ಕರಪತ್ರ, ಮದುವೆಯ ಕರೆಯೋಲೆ, ತೋಟದ ತೀರ್ವೆ ರಶೀದಿ, ಪಂಚಾಂಗ, ಇವೆಲ್ಲವೂ ಪರಿಷ್ಕಾರಕ್ಕೆ ಒಳಗಾಗಿವೆ. ಪಂಚಾಂಗದ ವಿಷಯದಲ್ಲಿ ನಮ್ಮ ಅಜ್ಜಿಗೂ ನನಗೂ ನಡೆದ ಸಂವಾದವು ಪ್ರಮಾಣಭೂತವಾದುದರಿಂದ ಇಲ್ಲಿ ಉಲ್ಲೇಖಾರ್ಹ.

“ಎಂತ ಮಾರಾಯ, ನಿನ್ನ ಹಕ್ಕಿ ಆಟಿ ತಿಂಗಳನ್ನೇ ಕತ್ತರಿಸಿತಲ್ಲ!”

“ಪ್ರಕ್ಷಿಪ್ತ ಭಾಗವೆಂದು ತೋರಿರಬೇಕು ಅಜ್ಜಿ, ತೆಗೆಯಿತು.”

“ಹೋಗಲಿ ಬಿಡು. ಮಳೆ, ಸಾಲ, ಹಸಿವು ಎಲ್ಲ ಇದ್ದದ್ದು ಅದರಲ್ಲೇ. ಒಂದು ತಿಂಗಳು ಕಡಮೆ ಆಯಿತು.”

ಭಾಷಾವಿಷಯದಲ್ಲಂತೂ ಆಕೆಯ ಸಮದೃಷ್ಟಿ ಅನುಪಮವಾದುದು. ಏಳು ಭಾಷೆಗಳ ಸಂಗಮಭೂಮಿಯೆಂದು ಹೊಗಳಿಸಿಕೊಳ್ಳುವ ಈ ಕಾಸರಗೋಡು ನಾಡು 1956ನೆಯ ನವೆಂಬರ್ 1ರಂದು ಕೇರಳಕ್ಕೆ ಸೇರಿದಂದಿನಿಂದ, ಮಲೆಯಾಳದ ಸುತ್ತೋಲೆ ಬರುವುದೂ ಅದನ್ನು ಕನ್ನಡದಲ್ಲಿಯೂ ಕಳುಹಿಸಬೇಕೆಂದು ನಾವು ಮನವಿ ಬರೆಯುವುದೂ ಋತುಧರ್ಮದಂತೆ ನಡೆದುಬಂದಿದೆ. ಸಂಪಾದಕಿಯು ಸುತ್ತೋಲೆಯನ್ನೂ ಮನವಿಯನ್ನೂ ಒಂದೇ ಅಳತೆಯ ಗರಿಗಳನ್ನಾಗಿಸಿ ಒಂದೇ ಗೂಡಿನಲ್ಲಿ ಹೆಣೆದಿರುವಳು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಬರೆದ ವರದಿಯು ಕಾರ್ಯಗತವಾಗದೆ ಕಾಗದವಾಗಿಯೇ ಉಳಿಯಿತಷ್ಟೆ. ಅದು ಆಕೆಯ ಕೊಕ್ಕಿಗೆ ದಕ್ಕಿದ್ದರೆ ಒಂದು ಗೂಡಾದರೂ ಆಗುತ್ತಿತ್ತು.

ತೃತೀಯ ಪ್ರಕರಣ: ಮಿಶ್ರ ಪರಂಪರೆಯ ಸಮಸ್ಯೆ

ಇದೇ ಕುಲದ ಫಿಷರ್ ಲವ್ ಬರ್ಡ್, ಟಾಂಜಾನಿಯಾ ಕಡೆಯದು, ಬೇರೊಂದು ಸಂಪಾದನಾ ಪಂಥಕ್ಕೆ ಸೇರಿದುದು: ಅದು ಪಟ್ಟಿಗಳನ್ನು ಗರಿಗಳಲ್ಲಿ ಸಿಕ್ಕಿಸದೆ ಒಂದೊಂದಾಗಿ ಕೊಕ್ಕಿನಲ್ಲಿಯೇ ಒಯ್ಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಈ ಎರಡು ಪಂಥಗಳಿಗೆ ವಿವಾಹಸಂಬಂಧ ಬೆಳೆಸಿ, ಹುಟ್ಟಿದ ಸಂತಾನದ ಪಾಡನ್ನು 1962ರಲ್ಲಿ ಪ್ರಕಟಿಸಿದನು. ಆ ಮಿಶ್ರ ಹಕ್ಕಿಗಳು ಪಟ್ಟಿಯನ್ನು ಚೆನ್ನಾಗಿಯೇ ಕತ್ತರಿಸಿದವು. ಬಳಿಕ ಬೆನ್ನಿಗೆ ಸಿಕ್ಕಿಸಲೆಳಸಿ, ಸಿಕ್ಕಿಸಿದುದನ್ನು ಕೊಕ್ಕಿನಿಂದ ಬಿಡಲಾರದೆಯೋ, ಬಿಟ್ಟುದು ನಿಲ್ಲದೆಯೋ, ಪದೇ ಪದೇ ಸೋತವು. ಕೊಕ್ಕಿನಲ್ಲಿ ಒಯ್ದಾಗಲೇ ಕೆಲಸ ಕೈಗೂಡುವುದೆಂಬುದು ಅವುಗಳಿಗೆ ಮನದಟ್ಟಾಗಲು ವರ್ಷಗಳೇ ಹಿಡಿದವು. ಮನದಟ್ಟಾದ ಮೇಲೂ ಹೊರಡುವ ಮುನ್ನ ಒಮ್ಮೆ ಬೆನ್ನ ಕಡೆಗೆ ತಲೆ ತಿರುಗಿಸುವ ಚಾಳಿ ಉಳಿಯಿತು. ಒಬ್ಬ ಗುರುವಿನಲ್ಲಿ ಛಂದಸ್ಸನ್ನೂ ಮತ್ತೊಬ್ಬನಲ್ಲಿ ವಿಮರ್ಶೆಯನ್ನೂ ಕಲಿತು, ನವ್ಯ ಕವಿತೆಯನ್ನು ಓದುವಾಗಲೂ ಬೆರಳುಗಳಲ್ಲಿ ಮಾತ್ರೆ ಎಣಿಸುವ ನಮ್ಮ ಅಧ್ಯಾಪಕವರ್ಗಕ್ಕೆ ಇದನ್ನು ಮೀರಿದ ಸಹಾನುಭೂತಿಯ ದಾಖಲೆ ಬೇರೆಲ್ಲಿಯೂ ದೊರೆಯದು.

ಚತುರ್ಥ ಪ್ರಕರಣ: ಪೂರ್ವಪಕ್ಷ ಮತ್ತು ಖಂಡನೆ

ಇಲ್ಲಿ ಜೀವಶಾಸ್ತ್ರಜ್ಞರು ಆಕ್ಷೇಪಿಸುವರು: ಇದು ಸಂಪಾದನೆಯಲ್ಲ, ಗೂಡು ಕಟ್ಟುವ ಸಹಜ ಪ್ರವೃತ್ತಿ, ಕಾಗದವೂ ಕತ್ತಲೆಯ ಮೂಲೆಯೂ ಧಾರಾಳವಾಗಿ ದೊರೆತಲ್ಲಿ ಒಂಟಿ ಹೆಣ್ಣು ಕೂಡ ಗಂಡಿನ ಸಂಪರ್ಕವಿಲ್ಲದೆ ಮೊಟ್ಟೆಯಿಟ್ಟು, ಮರಿಯಾಗುವ ಮೊಟ್ಟೆಗೆ ಬೇಕಾಗುವ ಇಪ್ಪತ್ತಮೂರು ದಿನಗಳ ಶ್ರದ್ಧೆಯನ್ನೇ ಆ ಬಂಜೆಮೊಟ್ಟೆಗೂ ವ್ಯಯಿಸುತ್ತದೆ, ಮೇಲಿಂದ ಮೇಲೆ ಹೀಗಾದರೆ ದೇಹದ ಸುಣ್ಣಾಂಶವು ಸವೆದು ಪ್ರಾಣಕ್ಕೇ ಸಂಚಕಾರ, ಆದುದರಿಂದ ಕಾಗದವನ್ನು ಮಿತಿಗೊಳಿಸಿ, ಗ್ರಂದಿಗೆ ಅಂಗಡಿಯ ಸಮುದ್ರನೊರೆಯನ್ನು ಪಂಜರದಲ್ಲಿ ತೂಗಿಬಿಡತಕ್ಕದ್ದು, ಎಂದು.

ಈ ವಾದದ ಪ್ರತಿಯೊಂದು ಅಂಶವನ್ನೂ ಅಂಗೀಕರಿಸುತ್ತೇವೆ; ಅಂಗೀಕರಿಸಿಯೇ ಅದನ್ನು ಖಂಡಿಸುತ್ತೇವೆ. ಸುತ್ತಲೂ ಕಾಗದವನ್ನು ಒಟ್ಟಿಕೊಂಡು, ಮಂದಪ್ರಕಾಶದ ಮೂಲೆಯೊಂದನ್ನು ಹಿಡಿದು, ಎಂದಿಗೂ ಮರಿಯಾಗದ ಸಿದ್ಧಾಂತವೊಂದರ ಮೇಲೆ ಅಚಲವಾಗಿ ಕುಳಿತು, ಸಮೀಪಿಸಿದವರನ್ನೆಲ್ಲ ಕಚ್ಚುವುದು ಸಂಶೋಧನೆಯ ಲಕ್ಷಣವಲ್ಲದಿದ್ದರೆ ಸಂಶೋಧನೆಗೆ ಲಕ್ಷಣವೇ ಇಲ್ಲ. ಭೇದವಿರುವುದು ಒಂದೇ ಕಡೆ: ಕಾಲ ಮೀರಿದ ಬಳಿಕ ಹಕ್ಕಿಯು ಮೊಟ್ಟೆಯನ್ನು ತೊರೆದು ಎದ್ದುಹೋಗುವುದು, ವಿದ್ವಾಂಸನು ಎರಡನೆಯ ಮುದ್ರಣವನ್ನು ಹೊರತರುವನು.

ಫಲಶ್ರುತಿ

ಈ ಪ್ರಬಂಧವನ್ನು ಓದಿ, ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಏಳುವ ಹೊಗೆ ಹಕ್ಕಿಯ ಪ್ರಾಣ ತೆಗೆಯಬಲ್ಲುದೆಂದರಿತು ಪಂಜರವನ್ನು ಒಲೆಯಿಂದ ದೂರವಿಟ್ಟು, ಬೆಣ್ಣೆಹಣ್ಣನ್ನು ಕೊಡದೆ, ಸೂರ್ಯಕಾಂತಿ ಬೀಜವನ್ನು ಕಡಮೆ ಮಾಡಿ ನವಣೆಯನ್ನು ಹೆಚ್ಚಿಸಿ, ಹೊರಬಿಡುವ ಮುನ್ನ ಪಂಖವನ್ನು ನಿಲ್ಲಿಸಿ, ಕಚ್ಚಿ ಆಡಲು ಹಸಿ ತೆಂಗಿನಗರಿಯ ತುಂಡನ್ನಿತ್ತು ಸಲಹುವವನ ಮನೆಯಲ್ಲಿ ಸಂಪಾದಕಿಯು ಹತ್ತು ಹದಿನೈದು ವರ್ಷ ಸುಖದಿಂದ ಬಾಳುವಳು. ಮನೆಯ ದಾಖಲೆಪತ್ರಗಳನ್ನು ಕಬ್ಬಿಣದ ಕಪಾಟಿಗೆ ಸೇರಿಸಿದವನಿಗೆ ಐಹಿಕ ಶಾಂತಿ ಪ್ರಾಪ್ತಿ. ತೀರ್ವೆ ರಶೀದಿಯನ್ನು ಕಳೆದುಕೊಂಡವನಿಗೆ ಅದರ ನಕಲು ದೊರೆಯುವುದು. ಆದರೆ ನಕಲಿಗಾಗಿ ಬರೆದ ಅರ್ಜಿಯನ್ನು ಜಗಲಿಯ ಮೇಜಿನ ಮೇಲೆ ಒಣಗಲು ಬಿಡದವನಿಗೆ ಮಾತ್ರ.