ಸೋಮವಾರಪ್ಪನವರ ಕಸರತ್ತು

ಮತದಾರರ ಪಟ್ಟಿಯಲ್ಲಿ ಅವರ ಹೆಸರು ಬೇರೆ. ಸೋಮವಾರಪ್ಪ ಅಂತ ಕರೆದದ್ದು ಅವರ ಹೆಂಡತಿ; ಬೀದಿಯವರು ಅದಕ್ಕೆ ಸಹಿ ಹಾಕಿದರು, ಅಷ್ಟೆ. ‘ಬರೋ ಸೋಮವಾರದಿಂದ ಶುರು’ ಎಂದು ಅವರು ಘೋಷಿಸಿದಾಗ ‘ಯಾವ ವರ್ಷದ್ದು?’ ಎಂದು ಕೇಳುವುದನ್ನೂ ಆಕೆ ಈಚೆಗೆ ಬಿಟ್ಟಿದ್ದಾರೆ. ಇಂಥವರು ನಮ್ಮ ಬಸವೇಶ್ವರನಗರಕ್ಕೆ ಒಬ್ಬರೇ ಎಂದು ಹೆಮ್ಮೆಪಡುವ ಹಾಗಿಲ್ಲ. ರಾಜಾಜಿನಗರದಲ್ಲಿ ಬ್ಲಾಕಿಗೊಬ್ಬರು, ವಿಜಯನಗರದಲ್ಲಿ ಅಡ್ಡರಸ್ತೆಗೊಬ್ಬರು ಇದ್ದಾರೆ. ಹುಡುಕಿದರೆ ಸಿಗುತ್ತಾರೆ, ಹುಡುಕದಿದ್ದರೂ ದರ್ಶಿನಿಯ ಕಟ್ಟೆಯ ಹತ್ತಿರ ಬೈಟು ಕಾಫಿ ಹಿಡಿದು ತಾವಾಗಿಯೇ ಸಿಗುತ್ತಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ವಯಸ್ಸು ನಲವತ್ತರ ಆಸುಪಾಸು. ಕಾರಿನ ಸಾಲ ತೀರುವುದಕ್ಕೂ ಹೊಟ್ಟೆ ಪೂರ್ತಿ ಬರುವುದಕ್ಕೂ ಸರಿಹೋಗಿರುತ್ತದೆ. ಒಮ್ಮೆ ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿ ಬಿಟ್ಟಿರುತ್ತಾರೆ. ಕಾರಣ ಕೇಳಿದರೆ ‘ಅಲ್ಲಿ ಕನ್ನಡಿ ಜಾಸ್ತಿ’ ಅನ್ನುತ್ತಾರೆ. ಹಾಗಾಗಿ ಮನೆಯಲ್ಲೇ, ಟಿ.ವಿ. ಮುಂದೆ, ವಿಡಿಯೊ ನೋಡಿಕೊಂಡು ವ್ಯಾಯಾಮ ಮಾಡಬೇಕು ಎಂಬಲ್ಲಿಗೆ ತೀರ್ಮಾನ ಬಂದು ನಿಂತಿದೆ. ಯಾವ ವಿಡಿಯೊ ಎಂಬಲ್ಲಿಂದ ಮುಂದಿನ ಪುರಾಣ.

ಈ ವಿಷಯದಲ್ಲಿ ಸೋಮವಾರಪ್ಪನವರ ಪಾಂಡಿತ್ಯವನ್ನು ತಮಾಷೆ ಮಾಡುವಂತಿಲ್ಲ. ಟೋನಿ ಹಾರ್ಟನ್ 2005ರಲ್ಲಿ ತಂದ ಪಿ90ಎಕ್ಸ್ ತೊಂಬತ್ತು ದಿನದ್ದು, ಅದರಲ್ಲಿ ಹನ್ನೆರಡು ಬಗೆಯ ಪಾಠ, ಯೋಗದ ಪಾಠವೊಂದೇ ಒಂದೂವರೆ ಗಂಟೆ. ಸ್ನಾಯುಗಳಿಗೆ ದಿನಕ್ಕೊಂದು ಬಗೆಯ ಕೆಲಸ ಕೊಟ್ಟು ಅವುಗಳನ್ನು ಗೊಂದಲಕ್ಕೆ ಕೆಡವಬೇಕು ಎಂಬುದು ಅಲ್ಲಿನ ತತ್ವ. 2009ರಲ್ಲಿ ಶಾನ್ ಟಿ ತಂದ ಇನ್‌ಸ್ಯಾನಿಟಿ ಅರವತ್ತು ದಿನ. ಡಂಬೆಲ್ ಬೇಡ, ಹಗ್ಗ ಬೇಡ, ಕುಪ್ಪಳಿಸುತ್ತಿದ್ದರೆ ಸಾಕು. ಲೋಕದಲ್ಲಿ ಮೂವತ್ತು ಸೆಕೆಂಡು ಓಡಿ ಮೂರು ನಿಮಿಷ ಸುಧಾರಿಸಿಕೊಳ್ಳುವವರಿದ್ದರೆ, ಆತ ಮೂರು ನಿಮಿಷ ಓಡಿಸಿ ಮೂವತ್ತು ಸೆಕೆಂಡು ಬಿಡುತ್ತಾನೆ. ಅದೇ ಮಹಾಶಯ 2013ರಲ್ಲಿ ದಿನಕ್ಕೆ ಇಪ್ಪತ್ತೈದೇ ನಿಮಿಷದ ಟಿ25 ತಂದ. ಲಾಕ್‌ಡೌನಿನಲ್ಲಿ ಕ್ಲೋಯಿ ಟಿಂಗ್ ಎಂಬಾಕೆಯ ಎರಡು ವಾರದ ಸವಾಲು ಊರಿಗೆಲ್ಲ ಹಬ್ಬಿತು. ‘ನೋಡಿ, ತೊಂಬತ್ತು, ಅರವತ್ತು, ಹದಿನಾಲ್ಕು. ಕಮ್ಮಿ ಆಗ್ತಾನೇ ಇದೆ. ಇನ್ನೊಂದೈದು ವರ್ಷ ಕಾದರೆ ಮಾಡೋದೇ ಬೇಡ’ ಎಂದು ಅವರು ಸಾಧಿಸುತ್ತಾರೆ. ನಡುವೆ 2008ರಲ್ಲಿ ಜಿಲಿಯನ್ ಮೈಕಲ್ಸ್ ಮೂವತ್ತೇ ದಿನ ಎಂದು ಲೆಕ್ಕ ಕೆಡಿಸಿದ್ದನ್ನು ಮಾತ್ರ ಪ್ರಸ್ತಾಪಿಸುವುದಿಲ್ಲ.

ಇದಕ್ಕೆಲ್ಲ ಎಕ್ಸೆಲ್ಲಿನಲ್ಲಿ ಒಂದು ಪಟ್ಟಿ ಇದೆ. ದಿನ, ನಿಮಿಷ, ಸಾಮಾನು, ಬೆವರು, ಮೊಣಕಾಲು, ಒಂದೊಂದಕ್ಕೂ ಒಂದೊಂದು ಕಾಲಂ. ಮನೆಗೆ ಫ್ರಿಜ್ ತರುವಾಗ ಇಷ್ಟು ಯೋಚಿಸಿರಲಿಲ್ಲ, ಹುಡುಗಿ ನೋಡುವಾಗಲಂತೂ ಇಲ್ಲವೇ ಇಲ್ಲ ಎಂಬುದು ಅವರ ಮನೆಯಾಕೆಯ ಟಿಪ್ಪಣಿ.

ಮೊದಲ ತೊಡಕು ಪಂಚಾಂಗದ್ದು. ಅಮೆರಿಕದವರು ಅರವತ್ತು ದಿನ, ತೊಂಬತ್ತು ದಿನ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಅಷ್ಟು ದಿನ ಸತತವಾಗಿ ಖಾಲಿ ಸಿಗುವುದು ಯಾವ ಸಂವತ್ಸರದಲ್ಲಿ? ಆಷಾಢದಲ್ಲಿ ಒಳ್ಳೆ ಕೆಲಸ ಶುರು ಮಾಡಬಾರದು. ಶ್ರಾವಣಕ್ಕೆ ವರಮಹಾಲಕ್ಷ್ಮಿಯ ಒಬ್ಬಟ್ಟು, ಭಾದ್ರಪದಕ್ಕೆ ಗಣೇಶನ ಕಡುಬು, ಬೆನ್ನಿಗೇ ಪಿತೃಪಕ್ಷ. ದಸರಾ, ದೀಪಾವಳಿ ಕಳೆದು ಉಸಿರು ಬಿಡುವಷ್ಟರಲ್ಲಿ ಸೊಗಡಿನ ಅವರೆಕಾಯಿ ಬಂದಿರುತ್ತದೆ. ಹಿತಕಿದ ಬೇಳೆ ಸಾರಿನ ಕಾಲದಲ್ಲಿ ಪಥ್ಯ ಮಾಡುವವನನ್ನು ಬೆಂಗಳೂರಿನವನೆಂದು ಯಾರು ಒಪ್ಪುತ್ತಾರೆ? ಆಮೇಲೆ ಧನುರ್ಮಾಸದ ಹುಗ್ಗಿ, ಸಂಕ್ರಾಂತಿಯ ಎಳ್ಳುಬೆಲ್ಲ, ಆಫೀಸಿನ ಮಾರ್ಚ್ ಲೆಕ್ಕ. ‘ಯುಗಾದಿಯಿಂದ ಆಷಾಢದವರೆಗೆ ಮೂರು ತಿಂಗಳು ಬಿಡುವಿದೆಯಲ್ಲ’ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ‘ಮೂರು ಚಾಂದ್ರಮಾನ ಮಾಸ ಅಂದರೆ ಎಂಬತ್ತೆಂಟೂವರೆ ದಿನ ಸಾರ್. ಪಿ90ಎಕ್ಸ್ ತೊಂಬತ್ತು. ಒಂದೂವರೆ ದಿನ ಆಷಾಢಕ್ಕೆ ಬೀಳತ್ತೆ.’

ಅವರ ತಾಯಿಯ ಲೆಕ್ಕ ಇನ್ನೊಂದು. ಯಾವ ವ್ರತಕ್ಕಾದರೂ ಒಂದು ಮಂಡಲ, ನಲವತ್ತೆಂಟು ದಿನ; ಅರವತ್ತು ಎಂದರೆ ಒಂದು ಮಂಡಲದ ಮೇಲೆ ಹನ್ನೆರಡು ಹೆಚ್ಚಾಯಿತು, ತೊಂಬತ್ತು ಎಂದರೆ ಎರಡು ಮಂಡಲಕ್ಕೆ ಆರು ಕಡಿಮೆ. ಶಾಸ್ತ್ರ ಗೊತ್ತಿಲ್ಲದವರು ಮಾಡಿದ್ದು ಎಂದು ಆಕೆ ಎರಡನ್ನೂ ತಳ್ಳಿಹಾಕಿದ್ದಾರೆ.

ಆದರೂ ಸೋಮವಾರಪ್ಪನವರನ್ನು ಬರೀ ಮಾತಿನ ಮಲ್ಲ ಎಂದು ಬೀದಿಯವರು ಆಡಿಕೊಳ್ಳುವುದು ಅನ್ಯಾಯ. ಅವರು ಎರಡು ಸಲ ಕಣಕ್ಕಿಳಿದಿದ್ದಾರೆ. ಎರಡು ಸಲವೂ ಅವರನ್ನು ಸೋಲಿಸಿದ್ದು ದೇಹವಲ್ಲ, ಮನೆ. ನಮ್ಮ ಕಡೆಯ ಮನೆಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ನಲವತ್ತರ ಸೈಟು, ಅದರ ಮೇಲೆ ಮೂರು ಅಂತಸ್ತು. ಕೆಳಗೆ ಓನರ್ ಅಂಕಲ್, ಮೇಲಿನೆರಡರಲ್ಲಿ ಬಾಡಿಗೆಯವರು. ಆ ವಿಡಿಯೊ ಮಾಡಿದವರ ಕಣ್ಣ ಮುಂದಿದ್ದದ್ದು ಕಾರು ಹೊರಗೆ ನಿಲ್ಲಿಸಿ ಗ್ಯಾರೇಜಿನಲ್ಲಿ ಹಾರುವ ಅಮೆರಿಕದ ಗೃಹಸ್ಥ. ಅವನ ನೆಲ ಅವನದೇ ನೆಲ. ಸೋಮವಾರಪ್ಪನವರದು ಇನ್ನೊಬ್ಬರ ಸೂರು.

ಪಿ90ಎಕ್ಸಿಗೆ ಜೋತುಬೀಳುವ ಸರಳು ಬೇಕು. ಬಾಗಿಲ ಚೌಕಟ್ಟಿಗೆ ಸಿಕ್ಕಿಸುವಂಥದ್ದು ತರಿಸಿದರು. ಮಲಗುವ ಕೋಣೆಯ ಚೌಕಟ್ಟು ತಗಡಿನದು, ಕೈಯಿಟ್ಟರೆ ಗಡಗಡ ಎನ್ನುತ್ತದೆ. ಬಚ್ಚಲಿನದು ಪ್ಲಾಸ್ಟಿಕ್ಕು. ಇಡೀ ಮನೆಯಲ್ಲಿ ಎಂಬತ್ತೆಂಟು ಕೆ.ಜಿ. ತಾಳಬಲ್ಲ ತೇಗದ ಚೌಕಟ್ಟು ಇದ್ದದ್ದು ದೇವರಮನೆಗೆ ಮಾತ್ರ. ಗಂಟೆ ಕೊರೆದ ಬಾಗಿಲು, ಮೇಲೆ ಗಜಲಕ್ಷ್ಮಿ, ಅದಕ್ಕೆ ಮಾವಿನ ತೋರಣ. ಬೆಳಗಿನ ಐದೂವರೆಗೆ ಚಡ್ಡಿಯಲ್ಲಿ, ಶೂ ಹಾಕಿಕೊಂಡು, ಗಜಲಕ್ಷ್ಮಿಯ ಪಕ್ಕದಲ್ಲಿ ಜೋತಾಡುತ್ತಿದ್ದ ಮಗನನ್ನು ದೀಪ ಹಚ್ಚಲು ಬಂದ ತಾಯಿ ನೋಡಿದರು. ಏನು ಹೇಳಿದರೋ ಗೊತ್ತಿಲ್ಲ. ಆ ಸರಳಿನ ಮೇಲೆ ಈಗ ಬಾಲ್ಕನಿಯಲ್ಲಿ ಪಂಚೆ ಒಣಗುತ್ತದೆ.

ಹೀಗಾಗಿ ಇನ್‌ಸ್ಯಾನಿಟಿ. ಮೊದಲ ದಿನ ಪರೀಕ್ಷೆ. ಎಂಟು ಬಗೆ, ಒಂದೊಂದೂ ಒಂದೊಂದು ನಿಮಿಷ: ಕಾಲು ಬದಲಿಸಿ ಒದೆಯುವುದು, ಕೈಕಾಲು ಅಗಲಿಸಿ ಹಾರುವುದು, ಮೊಣಕಾಲು ಎತ್ತುವುದು, ನಾಲ್ಕನೆಯದು ಪವರ್ ಜಂಪ್. ಎಷ್ಟಾಯಿತೆಂದು ಬರೆದಿಡಬೇಕು, ಎರಡು ವಾರಕ್ಕೊಮ್ಮೆ ಮತ್ತೆ ಎಣಿಸಬೇಕು. ಸೋಮವಾರಪ್ಪನವರು ಪವರ್ ಜಂಪಿನ ಹೊತ್ತಿಗೆ ಹುಮ್ಮಸ್ಸಿನಲ್ಲಿದ್ದರು. ಕೆಳಗೆ ಓನರ್ ಅಂಕಲ್ ಪೇಪರು ಓದುತ್ತಿದ್ದರು. ಅವರ ತಲೆಯ ಮೇಲೆ ಫ್ಯಾನು ತಾನಾಗಿ ತೂಗಿತು, ಷೋಕೇಸಿನ ಚನ್ನಪಟ್ಟಣದ ಬೊಂಬೆಗಳು ಒಂದಕ್ಕೊಂದು ತಲೆಯಾಡಿಸಿದವು. ಭೂಕಂಪ ಎಂದು ದಂಪತಿಗಳು ಬೀದಿಗೆ ಬಂದು ನೋಡಿದರೆ ಕಂಪಿಸುತ್ತಿದ್ದದ್ದು ಅವರ ಸೈಟೊಂದೇ. ಐದನೆಯದು ಶುರುವಾಗುವ ಮೊದಲು ಬಾಗಿಲು ಬಡಿದ ಸದ್ದು. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಗೋಡೆಗೆ ಮೊಳೆ, ನಾಯಿ, ಮಾಂಸ, ರಾತ್ರಿ ಹತ್ತರ ಮೇಲೆ ನೆಂಟರು, ಇಷ್ಟಕ್ಕೆ ನಿಷೇಧವಿತ್ತು, ಕುಪ್ಪಳಿಸುವುದರ ಮಾತಿರಲಿಲ್ಲ. ಮುಂದಿನ ಅಗ್ರಿಮೆಂಟಿನಲ್ಲಿ ಸೇರಿತು. ಛಾಪಾ ಕಾಗದದ ಮೇಲೆ ‘ಹಾರತಕ್ಕದ್ದಲ್ಲ’ ಎಂದು ಬರೆಸಿಕೊಂಡ ಬಾಡಿಗೆದಾರ ಪಶ್ಚಿಮ ಬೆಂಗಳೂರಿನಲ್ಲಿ ಇವರೊಬ್ಬರೇ ಇರಬೇಕು.

ಆ ನಾಲ್ಕು ನಿಮಿಷದ ಫಲ ಮಾರನೆಯ ದಿನ ಕಂಡಿತು. ಅಭ್ಯಾಸವಿಲ್ಲದ ಸ್ನಾಯುವಿನ ನೋವು ಕೂಡಲೇ ಬರುವುದಿಲ್ಲ. ಒಂದು ದಿನ ಬಿಟ್ಟು ಏರಿ ಮೂರನೆಯ ದಿನದವರೆಗೂ ನಿಲ್ಲುತ್ತದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಲಿಫ್ಟಿಲ್ಲದ ಮೊದಲನೇ ಮಹಡಿಯಿಂದ ಹಾಲು ತರಲು ಅವರು ಕಂಬಿ ಹಿಡಿದು, ಗೋಡೆಗೆ ಮುಖಮಾಡಿ, ಅಡ್ಡಡ್ಡಲಾಗಿ ಇಳಿದು ಬರುತ್ತಿದ್ದರು. ಓನರ್ ಅಂಕಲ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಪಶ್ಚಾತ್ತಾಪಪಟ್ಟಿದ್ದಾನೆ ಎಂದುಕೊಂಡು ಆ ತಿಂಗಳ ನೀರಿನ ಬಿಲ್ಲಿನಲ್ಲಿ ಐವತ್ತು ರೂಪಾಯಿ ಬಿಟ್ಟರಂತೆ.

ಈ ಹಂತದಲ್ಲಿ ನಾನೇ ಒಂದು ಸಲಹೆ ಕೊಟ್ಟೆ. ಮನೆಯಲ್ಲೇ ಕೂತು ದೂರದ ಗುರುವಿನಿಂದ ಮೈ ಬೆಳೆಸುವುದು ಅಮೆರಿಕದ ಆವಿಷ್ಕಾರವೇನಲ್ಲ, ನಮ್ಮ ಊರಿನಲ್ಲೇ ನಡೆದದ್ದು ಎಂದೆ. ಕೋಲಾರದ ಕಡೆಯ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ತಂದರು. ದಂಡ, ಸೂರ್ಯನಮಸ್ಕಾರ, ಆಸನ, ಭಾರ ಎತ್ತುವುದು ಎಲ್ಲವನ್ನೂ ಬೆರೆಸಿ ಅಂಚೆಯ ಮೂಲಕ ಪಾಠ ಹೇಳಿದರು. ಕಾಗದ ಬರುತ್ತಿತ್ತು, ಓದಿ ಮಾಡಬೇಕು. ಎದುರಿಗೆ ಕುಣಿದು ಹುರಿದುಂಬಿಸಲು ಯಾರೂ ಇಲ್ಲ, ಮಧ್ಯೆ ಜಾಹೀರಾತೂ ಇಲ್ಲ. ಅವರ ಜೆ.ಸಿ. ರಸ್ತೆಯ ವ್ಯಾಯಾಮಶಾಲೆಯಲ್ಲಿ ಒಂದು ಕಡೆ ಗರಡಿಯವರು, ಇನ್ನೊಂದು ಕಡೆ ಕೈಲಾಸಂ. ಅಂಥ ಮೈಕಟ್ಟಿನ ಮನುಷ್ಯ ‘ಶಾಂತಲಾ’ ಬರೆದರು, ‘ರೂಪದರ್ಶಿ’ ಬರೆದರು. ಅದರಲ್ಲಿ ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾದ ಹುಡುಗನೇ ವರ್ಷಗಳ ಮೇಲೆ ಜೂಡಾಸನ ಮುಖಕ್ಕೂ ರೂಪದರ್ಶಿಯಾಗಿ ಸಿಗುತ್ತಾನೆ. ಈಗಿನ ವ್ಯಾಯಾಮದ ಜಾಹೀರಾತುಗಳಲ್ಲಿ ‘ಮುಂಚೆ’ ‘ಆಮೇಲೆ’ ಎಂದು ಎರಡು ಫೋಟೊ ಹಾಕುತ್ತಾರಲ್ಲ, ಅಂಗಸಾಧನೆಯ ಗುರುವೇ ಅದನ್ನು ತಿರುವುಮುರುವು ಮಾಡಿ ಕಾದಂಬರಿ ಬರೆದದ್ದು ನನಗೆ ಯಾವತ್ತೂ ಮಜಾ ಅನ್ನಿಸಿದೆ.

ಸೋಮವಾರಪ್ಪನವರು ಗಂಭೀರವಾಗಿ ಕೇಳಿದರು. ‘ಹಾರೋದು ಇದೆಯಾ?’ ‘ಇಲ್ಲ, ದಂಡ, ಬಸ್ಕಿ.’ ‘ಯೂಟ್ಯೂಬಲ್ಲಿ ಇದೆಯಾ?’ ಅಯ್ಯರ್ 1980ರಲ್ಲೇ ತೀರಿಕೊಂಡರು ಎಂದೆ. ಪಟ್ಟಿಗೆ ಒಂದು ಸಾಲು ಸೇರಿಸಿ, ನಿಮಿಷದ ಕಾಲಂನಲ್ಲಿ ‘ಅಂಚೆ ಇಲಾಖೆಯನ್ನು ಅವಲಂಬಿಸಿದೆ’ ಎಂದು ತುಂಬಿದರು.

ಒಂದು ವಿಷಯದಲ್ಲಿ ನಗುವಂತಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರಕ್ಕೇ ಹೋದ ಮೇಲೆ ಈ ಊರಿನ ಅಮ್ಮಂದಿರು ಬೆವರನ್ನು ನೋಡುವ ರೀತಿಯೇ ಬದಲಾಯಿತು. ಜಯದೇವ ಆಸ್ಪತ್ರೆಯಲ್ಲಿ ಎದೆ ತೋರಿಸಿಕೊಳ್ಳಲು ವಾರಗಟ್ಟಲೆ ಜನ ಸಾಲು ನಿಂತರು. ಸೋಮವಾರಪ್ಪನವರೂ ನಿಂತು, ಏನೂ ಇಲ್ಲ ಎನಿಸಿಕೊಂಡು ಬಂದರು. ಡಾಕ್ಟರು ನಿಧಾನವಾಗಿ ಶುರು ಮಾಡಿ ಎಂದಿದ್ದರು. ‘ನಿಧಾನವಾಗಿ’ ಎಂಬುದನ್ನು ಅವರು ಆ ಸಂಜೆಯಿಂದಲೇ ಪಾಲಿಸುತ್ತಿದ್ದಾರೆ. ಅವರ ತಂದೆಗೆ ಮೊದಲಿನಿಂದಲೂ ಒಂದೇ ಉತ್ತರ: ‘ಕಾಮನಬಿಲ್ಲು ನೋಡು.’ 1983ರ ಆ ಚಿತ್ರದಲ್ಲಿ ಐವತ್ತು ದಾಟಿದ ರಾಜ್‌ಕುಮಾರ್ ಹಾಕುವ ಆಸನಗಳನ್ನು ನೋಡಿದ ತಲೆಮಾರು ಅದು. ‘ಅಣ್ಣಾವ್ರು ಶೂ ಹಾಕಿದ್ರಾ? ಫ್ಯಾನ್ ಅಲ್ಲಾಡಿಸಿದ್ರಾ?’ ಎಂದು ಕೇಳಿ ಅವರು ಡಾ. ರಾಜ್‌ಕುಮಾರ್ ರಸ್ತೆಯ ಕಡೆ ವಾಕಿಂಗ್ ಹೋಗುತ್ತಾರೆ. ಎಪ್ಪತ್ತೈದರ ಅವರಿಗೆ ಹೊಟ್ಟೆಯೇ ಇಲ್ಲ.

ಸ್ವಲ್ಪ ದಿನ ಟಬಾಟಾ ಎಂದರು. ಇಪ್ಪತ್ತು ಸೆಕೆಂಡು ಶ್ರಮ, ಹತ್ತು ಸೆಕೆಂಡು ಬಿಡುವು, ಎಂಟು ಸುತ್ತು, ನಾಲ್ಕು ನಿಮಿಷಕ್ಕೆ ಮುಗಿಯಿತು. ಕೇಳಲು ಚಂದ. ಜಪಾನಿನ ಇಜುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಆ ಪ್ರಯೋಗ ಸ್ಪೀಡ್ ಸ್ಕೇಟಿಂಗ್ ತಂಡದ ತಾಲೀಮಿನಿಂದ ಹುಟ್ಟಿದ್ದು. ಆ ಇಪ್ಪತ್ತು ಸೆಕೆಂಡು ನಿಂತಲ್ಲೇ ನಿಂತ ಸೈಕಲ್ಲನ್ನು ಪ್ರಾಣ ಹೋಗುವ ಹಾಗೆ ತುಳಿಯಬೇಕು. ಸೋಮವಾರಪ್ಪನವರು ಅದರಲ್ಲಿ ಬಿಡುವಿನ ಹತ್ತು ಸೆಕೆಂಡನ್ನು ಮಾತ್ರ ಪೂರ್ತಿ ಮನಸ್ಸಿನಿಂದ ಮಾಡಿದರು.

ಕೊನೆಗೆ ಅವರು ಮನೆಯನ್ನೇ ಬದಲಾಯಿಸಿದರು. ಮೆಟ್ರೊ ಕೆಂಗೇರಿ ಮುಟ್ಟಿತ್ತು, ಬಾಡಿಗೆಯೂ ಕಡಿಮೆ ಎಂದು ಎಲ್ಲರಿಗೂ ಹೇಳಿದರು. ನಿಜವಾದ ಕಾರಣ ನನಗೆ ಗೊತ್ತು: ಕೆಂಗೇರಿ ಉಪನಗರದ ಆ ಮನೆ ನೆಲಮಹಡಿ. ಕೆಳಗೆ ಭೂಮಿತಾಯಿ, ಅವಳು ಅಗ್ರಿಮೆಂಟು ಕೇಳುವುದಿಲ್ಲ. ಮನೆ ನೋಡಲು ಭಾನುವಾರ ಬೆಳಿಗ್ಗೆ ಹೋದೆ. ಇನ್ನೂ ಪೆಟ್ಟಿಗೆ ಬಿಚ್ಚಿರಲಿಲ್ಲ. ಕಾಫಿ ಕೈಗೆ ಬರುವಷ್ಟರಲ್ಲಿ ತಲೆಯ ಮೇಲೆ ಧಡ್. ಫ್ಯಾನು ತೂಗಿತು. ಧಡ್, ಧಡ್, ಧಡ್. ಮೇಲಿನ ಮನೆಯಲ್ಲಿ ಯಾರೋ ಹುಡುಗ ಬಾಡಿಗೆಗಿದ್ದಾನೆ ಎಂದರು ಮನೆಯಾಕೆ.

ಸೋಮವಾರಪ್ಪನವರು ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ಬೆರಳು ಮಡಿಸುತ್ತ ಕೂತರು. ‘ಗ್ಲೋಬ್ ಜಂಪ್. ಐದನೇದು. ನಾಲ್ಕು ಧಡ್‌ಗೆ ಒಂದು ಲೆಕ್ಕ… ಹನ್ನೊಂದಾಯ್ತು. ಇದು ಮೊದಲನೇ ದಿನದ ಪರೀಕ್ಷೆ ಅಲ್ಲ ಸಾರ್, ಎರಡು ವಾರ ಆಗಿದೆ.’ ಸುಣ್ಣದ ಚಕ್ಕೆಯೊಂದು ಕಾಫಿಗೆ ಬಿತ್ತು. ಮನೆಯಾಕೆ ಗಂಡನ ಮುಖ ನೋಡಿದರು. ಅವರು ಎದ್ದು ಮೇಲೆ ಹೋದರು. ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಅಂಗೈ ಉಜ್ಜಿಕೊಳ್ಳುತ್ತ ಇಳಿದು ಬಂದರು.

‘ಜೋರು ಮಾಡಿದ್ರಾ?’ ಎಂದರು ಮನೆಯಾಕೆ.

‘ಒಳ್ಳೆ ಹುಡುಗ. ನೆಲಕ್ಕೆ ಬೀಳುವಾಗ ಮೊಣಕಾಲು ಒಳಕ್ಕೆ ಬಾಗ್ತಿತ್ತು, ತಿದ್ದಿದೆ. ಪಿ90ಎಕ್ಸಿಗೆ ಬದಲಾಯಿಸ್ಕೋ ಅಂದಿದೀನಿ, ಒಪ್ಪಿದಾನೆ. ಅವರ ಮನೇಲಿ ದೇವರಮನೆ ಬಾಗಿಲು ಗಟ್ಟಿಯಾಗಿದೆ. ನಾನೇ ಜೋತುಬಿದ್ದು ನೋಡಿದೆ.’