ಹಳೇ ರೊಕ್ಕದ ಹುಚ್ಚ

ರಾಯಚೂರು ಸೀಮೆಯ ನಮ್ಮ ನೀರಮಾನ್ವಿಯಲ್ಲಿ ಇಸ್ಪೀಟಾಡುವವನಿಗೆ ಜೊತೆ ಸಿಗುತ್ತದೆ, ಹಳೇ ನಾಣ್ಯ ಕೂಡಿಸುವವನಿಗೆ ಬರೀ ಅನುಮಾನ. "ಎಲ್ಲಿ ಹಡ್ಡಿದ್ಯೋ ತಮ್ಮಾ? ಅಮಾಸಿ ರಾತ್ರಿ ಏನು?" ಎಂದು ಕಟ್ಟೆಯ ಮೇಲಿನ ಹಿರಿಯರು ಕಣ್ಣು ಮಿಟುಕಿಸುತ್ತಾರೆ. ವಿಜಯನಗರದವರೂ ಆದಿಲ್‌ಶಾಹಿಗಳೂ ಬಡಿದಾಡಿದ, ಎರಡು ಹೊಳೆಗಳ ನಡುವಿನ ದೋಆಬಿನ ನೆಲ ನೋಡಿ, ಇಲ್ಲಿ ಸಲಿಕೆ ಹಿಡಿದು ಹೊಲಕ್ಕೆ ಹೊರಟರೂ ನಿಧಿಯ ಸುದ್ದಿಯೇ.

ನನ್ನ ಬಳಿ ಇರುವುದು ನಿಜಾಮನ ಚಾರ್‌ಮಿನಾರ್ ರೂಪಾಯಿ. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲಕ್ಕೆ ಸಂತೆಯಲ್ಲಿ ಓಡಾಡಿದ ಹಾಲಿ ಸಿಕ್ಕಾ. ಏಳು ಕೊಟ್ಟರೆ ಬ್ರಿಟಿಷರ ರೂಪಾಯಿ ಸುಮಾರು ಆರು ಬರುತ್ತಿತ್ತು. ಇದನ್ನು ವಿವರಿಸಲು ಬಾಯಿ ತೆರೆದರೆ ಒಂದೇ ಪ್ರಶ್ನೆ: "ಈಗ ಎಷ್ಟಕ್ಕ ಹೋಗ್ತೈತಿ?"

ಮೊಬೈಲು ಬಂದ ಮೇಲಂತೂ ಎಲ್ಲರೂ ತಜ್ಞರು. ಟ್ರ್ಯಾಕ್ಟರ್ ಚಿತ್ರದ ಐದರ ನೋಟಿಗೆ ಲಕ್ಷಗಟ್ಟಲೆಯಂತೆ! ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲೇ ಎಚ್ಚರಿಸಿದೆ ಎಂದರೆ, "ನಿನಗ ಹೊಟ್ಟೆಕಿಚ್ಚು ಬಿಡೋ" ಅನ್ನುತ್ತಾರೆ. ಇನ್ನು ಕಟ್ಟೆಯವರ ನಿಧಿಯ ಮಾತಿಗೆ ಬಂದರೆ, 1878ರ ನಿಧಿ ಕಾಯ್ದೆ. ನೆಲದಲ್ಲಿ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದು ಅದರಲ್ಲಿ ಬರೆದಿದೆ. ಹತ್ತು ರೂಪಾಯಿ! ಒಂದು ಪ್ಲೇಟು ಮಿರ್ಚಿಗೂ ಸಾಲದ ನಿಧಿ.

ನನಗೆ ಹೆಣ್ಣು ನೋಡಲು ಹೋದಾಗಿನ ಮಾತು.

"ಹುಡುಗ ಏನ್ ಮಾಡ್ತಾನ್ರೀ?"

"ಹಳೇ ರೊಕ್ಕ ಕೂಡಸ್ತಾನ್ರೀ" ಎಂದ ನಮ್ಮ ಸೋದರಮಾವ, ಹೆಮ್ಮೆಯಿಂದ.

ಹುಡುಗಿಯ ಅಜ್ಜಿ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿ ಕೇಳಿದಳು: "ಹೊಸಾ ರೊಕ್ಕ ಯಾವಾಗ ಕೂಡಸ್ತಾನಂತ?"